ಜೆನೆರಿಕ್ ಟೈಪಿಗೆ ಆಪ್ಷನಲ್ ಕೊಟ್ಟರೂ ‘ಕೀ ಸಿಗಲಿಲ್ಲ’ ಅಂತ ಎರರ್ ಬರ್ತದ, ಯಾಕ್ರಿ? (ಸ್ವಿಫ್ಟ್, ಡಿಕೋಡಬಲ್)

ಬಿಸಿಲೂರು:

ನಮಸ್ಕಾರ್ರಿ ಎಲ್ಲಾರಿಗೂ. ಐಫೋನಿಗೆ ಭೂಕಂಪದ್ದೊಂದು ಸಣ್ಣ ಆಪ್ ಮಾಡಾಕತ್ತೀನಿ, ಸ್ವಿಫ್ಟ್ ಭಾಷಾದಾಗ. ನಮ್ಮ ಕಲಬುರಗಿ ಜಿಲ್ಲಾದಾಗ ಆಗಾಗ ನೆಲದೊಳಗ ಗುಡುಗಿದಂಗ ಸಪ್ಪಳ ಬರ್ತದ, ಮಂದಿ ರಾತ್ರೋರಾತ್ರಿ ಹೊರಗ ಬಂದು ಕುಂಡರ್ತಾರ. 1993ರ ಕಿಲ್ಲಾರಿ ಭೂಕಂಪ ಕಂಡ ಹಿರೇರು ಇನ್ನೂ ಮನಿಮನ್ಯಾಗ ಇದ್ದಾರ. ಅವರಿಗೆ ‘ಏನೂ ಆಗಂಗಿಲ್ಲ, ಮಲಕೋರಿ’ ಅಂದ್ರ ನಂಬಂಗಿಲ್ಲ, ಮ್ಯಾಪ್ ಮ್ಯಾಲ ಚುಕ್ಕಿ ತೋರಿಸಿದ್ರ ನಂಬ್ತಾರ.

ಡೇಟಾ ಎರಡು ಕಡೆಯಿಂದ ಜೇಸನ್ ಆಗಿ (ಕೀ ಅನ್ನೋ ಹೆಸರು, ಅದರ ಮುಂದ ಬೆಲೆ, ಹಿಂಗ ಬರದ ಪಠ್ಯ) ಬರ್ತದ. ಅದನ್ನ ಸ್ವಿಫ್ಟ್ ಟೈಪಿಗೆ ತಿರುಗಿಸೋದೇ ಡಿಕೋಡ್, ಹಂಗ ತಿರುಗಿಸಲಿಕ್ಕ ಬರೋ ಟೈಪು ಡಿಕೋಡಬಲ್. ಒಂದು ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಅವರ ಜಿಯೋಜೇಸನ್ (ಮ್ಯಾಪಿನ ಜಾಗ ಹೇಳೋ ಜೇಸನ್) ಫೀಡ್. ಇನ್ನೊಂದು ನಮ್ಮದೇ: ಊರವರು ಫೋನಿನ್ಯಾಗ ಫಾರ್ಮ್ ತುಂಬತಾರ, ಗೆಳೆಯ ಪಿಎಚ್‌ಪಿ ಭಾಷಾದಾಗ ಬರದ ಸರ್ವರ್ ಅದನ್ನೂ ಜಿಯೋಜೇಸನ್ ಮಾಡಿ ಕೊಡ್ತದ. ಎರಡಕ್ಕೂ ಒಂದೇ ಸ್ಟ್ರಕ್ಟ್ (ಫೀಲ್ಡುಗಳ ಕಟ್ಟು) ಸಾಕು ಅಂತ ಜೆನೆರಿಕ್ ಮಾಡೀನಿ, ಅಂದ್ರ ಒಳಗಿನ ಟೈಪು ಯಾವುದು ಅಂತ ಬಳಸೋವಾಗ ಹೇಳೋದು. ಕನ್ನಡದಾಗೇ ಟೈಪ್ ಮಾಡೀನಿ, ನೀವು ಮನಸ್ಸಿನ್ಯಾಗ ಇಂಗ್ಲಿಷಿಗೆ ತಿರುಗಿಸ್ಕೋರಿ:

ಸ್ಟ್ರಕ್ಟ್ ಫೀಚರ್<ಪಿ: ಡಿಕೋಡಬಲ್, ಜಿ: ಡಿಕೋಡಬಲ್>: ಡಿಕೋಡಬಲ್ {
  ಲೆಟ್ ಐಡಿ: ಸ್ಟ್ರಿಂಗ್?
  ಲೆಟ್ ಪ್ರಾಪರ್ಟೀಸ್: ಪಿ
  ಲೆಟ್ ಜಿಯಾಮೆಟ್ರಿ: ಜಿ
}

ಯುಎಸ್‌ಜಿಎಸ್ ಫೀಡಿಗೆ ಫೀಚರ್<ಕಂಪನ, ಪಾಯಿಂಟ್> ಅಂತೀನಿ. ಅದು ಹೂವಿನಂಗ ಡಿಕೋಡ್ ಆಗ್ತದ. ಅದರಾಗೂ ಖಾಲಿ ಫೀಲ್ಡ್ ಭಾಳ ಅವ. ಯಾರೂ ‘ನನಗ ಅನಿಸ್ತು’ ಅಂತ ಹೇಳದಿದ್ರ ‘ಫೆಲ್ಟ್’ ನಲ್ (ಜೇಸನ್ನಿನ ಖಾಲಿ ಬೆಲೆ) ಇರ್ತದ, ‘ಅಲರ್ಟ್’ ಸಣ್ಣ ಕಂಪನಕ್ಕ ನಲ್ಲೇ. ಅವನ್ನ ಕಂಪನ ಅನ್ನೋ ಸ್ಟ್ರಕ್ಟಿನ್ಯಾಗ ಪ್ರಶ್ನಾರ್ಥಕ ಹಾಕಿ, ಅಂದ್ರ ಆಪ್ಷನಲ್ (ಬೆಲೆ ಇರದಿದ್ರೂ ನಡೀತದ) ಮಾಡಿ ಬರದೀನಿ, ತೊಂದ್ರಿ ಇಲ್ಲ.

ನಮ್ಮ ಸರ್ವರಿನ ಕಡೆ ಲೊಕೇಶನ್ ಕೊಡದವರ ವರದಿನೂ ಬರ್ತಾವ. ಅದಕ್ಕ ಅಲ್ಲಿ ಫೀಚರ್<ವರದಿ, ಪಾಯಿಂಟ್?> ಅಂತ ಕೊಟ್ಟೀನಿ. ಜಿಯಾಮೆಟ್ರಿ ನಲ್ ಅಂತ ಬಂದ್ರ ಸುಮ್ಮನ ನಿಲ್ (ಸ್ವಿಫ್ಟಿನ ಖಾಲಿ ಬೆಲೆ) ಆಗ್ತದ. ಆದ್ರ ಜಿಯಾಮೆಟ್ರಿ ಅನ್ನೋ ಕೀನೇ ಇರದಿದ್ರ ‘ಕೀನಾಟ್‌ಫೌಂಡ್’ ಎಸದು ಇಡೀ ಫೀಡ್ ಮಕಾಡೆ ಮಲಗ್ತದ. ಐಡಿ ಇರದಿದ್ರ ಏನೂ ಅನ್ನಂಗಿಲ್ಲ! ಅದಕ್ಕೂ ಪ್ರಶ್ನಾರ್ಥಕ, ಇದಕ್ಕೂ ಪ್ರಶ್ನಾರ್ಥಕ, ಮತ್ತ ಈ ಭೇದ ಯಾಕ?

ಕೀ ಹುಡುಕಿ ಬೆಲೆ ಕೊಡೋ ಕೀಡ್‌ಡಿಕೋಡಿಂಗ್‌ಕಂಟೇನರಿಗೆ ಎಕ್ಸ್‌ಟೆನ್ಷನ್ ಬರದು, ಆಪ್ಷನಲ್ ಟೈಪಿಗೇ ಬ್ಯಾರೆ ‘ಡಿಕೋಡ್’ ಓವರ್‌ಲೋಡ್ (ಅದೇ ಹೆಸರಿನ ಇನ್ನೊಂದು ಫಂಕ್ಷನ್) ಕೊಟ್ಟು ಅದರೊಳಗ ‘ಡಿಕೋಡ್‌ಇಫ್‌ಪ್ರೆಸೆಂಟ್’ (ಕೀ ಇದ್ರ ಮಾತ್ರ ಡಿಕೋಡ್ ಮಾಡೋದು) ಕರದು ನೋಡೀನಿ. ಬ್ರೇಕ್‌ಪಾಯಿಂಟ್ (ಓಡೋ ಕೋಡನ್ನ ನಿಲ್ಲಿಸೋ ಗುರುತು) ಹಾಕಿದ್ರ ಅಲ್ಲಿಗೆ ಬರೋದೇ ಇಲ್ಲ.

ಟ್ರೈ_ಮಾಡ್_ನೋಡು:

ಗುರು, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಎಲ್ಲಾ ಫೀಲ್ಡಿಗೂ ಪ್ರಶ್ನಾರ್ಥಕ ಹಾಕಿ, ಇನಿಟ್ (ಸ್ಟ್ರಕ್ಟ್ ಕಟ್ಟೋ ಫಂಕ್ಷನ್) ಕೈಯಲ್ಲಿ ಬರೆದು ಪ್ರತಿ ಸಾಲಿಗೂ, ಎರರ್ ಬಂದ್ರೆ ನಿಲ್ ಮಾಡೋ ‘ಟ್ರೈ?’ ಹಾಕಿ. ಏನೇ ಬರಲಿ ಕ್ರ್ಯಾಶ್ ಆಗಲ್ಲ, ಎರರ್ರೂ ಬರಲ್ಲ. ನಾನು ನಮ್ಮ ಆಫೀಸಲ್ಲಿ ಹಂಗೇ ಮಾಡಿರೋದು.

ಮೂಲೆಮನೆ:

ಟ್ರೈ_ಮಾಡ್_ನೋಡು ಅವರೇ, ಎರರ್ ಬರಲ್ಲ ನಿಜ, ಡೇಟಾನೂ ಬರಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಬಿಸಿಲೂರು ಅವರೇ, ನಾನು ಡಿಕೋಡಬಲ್ ಅನ್ನೋದೇ ಇಲ್ಲದ ಕಾಲದಿಂದ ಸ್ವಿಫ್ಟ್ ಬರೆಯುತ್ತಿರುವವಳು. 2017ರಲ್ಲಿ ಸ್ವಿಫ್ಟ್ 4 ಜೊತೆ ಅದು ಬಂದಾಗ ಡಿಕ್ಷನರಿಯಿಂದ ಒಂದೊಂದೇ ಕೀ ಎಳೆಯುವ ಕೂಲಿ ತಪ್ಪಿತು ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಆ ಕೂಲಿಯನ್ನು ಈಗ ಯಾರು ಮಾಡುತ್ತಿದ್ದಾರೆ ಅಂತ ನೋಡದಿದ್ದರೆ ನಿಮ್ಮ ಒಗಟು ಬಿಡಿಸೋಕಾಗಲ್ಲ. ಡಿಕೋಡ್ ಮಾಡುವ ಇನಿಟ್ಟನ್ನು ನೀವು ಬರೆದಿಲ್ಲ, ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಬರೆದಿದೆ. ಬರೆಯುವಾಗ ಅದು ಸ್ಟ್ರಕ್ಟಿನ ಒಳಗೆ ಪ್ರತಿ ಪ್ರಾಪರ್ಟಿಯ ಟೈಪನ್ನು ನೋಡುತ್ತದೆ. ಐಡಿ ಮುಂದೆ ‘ಸ್ಟ್ರಿಂಗ್?’ ಅಂತಿದೆ, ಸರಿ, ಇದಕ್ಕೆ ‘ಡಿಕೋಡ್‌ಇಫ್‌ಪ್ರೆಸೆಂಟ್’. ಜಿಯಾಮೆಟ್ರಿ ಮುಂದೆ ಬರೀ ‘ಜಿ’ ಅಂತಿದೆ. ಜಿ ಬಗ್ಗೆ ಅದಕ್ಕೆ ಗೊತ್ತಿರುವುದು ಒಂದೇ ವಿಷಯ, ಅದು ಡಿಕೋಡಬಲ್ ಅಂತ. ಹಾಗಾಗಿ ‘ಡಿಕೋಡ್’ ಅಂತ ಬರೆದು ಮುಂದಕ್ಕೆ ಹೋಯಿತು. ನೀವು ಬೇರೆ ಫೈಲಿನಲ್ಲಿ ಕೂತು ಜಿ ಜಾಗಕ್ಕೆ ‘ಪಾಯಿಂಟ್?’ ಕೊಡುವ ಹೊತ್ತಿಗೆ ಆ ಸಾಲಿನ ತೀರ್ಮಾನ ಆಗಿಹೋಗಿದೆ.

ಹಾಗಾದರೆ ನಲ್ ಬಂದಾಗ ಹೇಗೆ ನಡೆಯಿತು? ಆಪ್ಷನಲ್ ತಾನೇ ಒಂದು ಡಿಕೋಡಬಲ್ ಟೈಪು, ಅದಕ್ಕೆ ಅದರದೇ ಇನಿಟ್ ಇದೆ. ಕೈಗೆ ಬಂದ ಬೆಲೆ ನಲ್ ಆಗಿದ್ದರೆ ನಿಲ್ ಆಗುತ್ತದೆ, ಇಲ್ಲದಿದ್ದರೆ ಒಳಗಿನದನ್ನು ಡಿಕೋಡ್ ಮಾಡುತ್ತದೆ. ಆದರೆ ಅಲ್ಲಿಯವರೆಗೆ ಹೋಗಬೇಕಾದರೆ ಮೊದಲು ಕೀ ಸಿಗಬೇಕಲ್ಲ. ಎಲೆ ಹಾಕಿ ಏನೂ ಬಡಿಸದೆ ಇರೋದು ಬೇರೆ, ಎಲೆಯನ್ನೇ ಹಾಕದೆ ಇರೋದು ಬೇರೆ. ಎಲೆ ಖಾಲಿ ಇದೆಯಾ ಅಂತ ನೋಡುವುದು ಆಪ್ಷನಲ್‌ನ ಕೆಲಸ. ಎಲೆ ಇದೆಯಾ ಅಂತ ನೋಡುವುದು ಕಂಟೇನರಿನ ಕೆಲಸ, ಮತ್ತು ಅದು ‘ಡಿಕೋಡ್‌ಇಫ್‌ಪ್ರೆಸೆಂಟ್’ ಕರೆದರೆ ಮಾತ್ರ ಇಲ್ಲದ ಎಲೆಯನ್ನು ಕ್ಷಮಿಸುತ್ತದೆ.

ನಿಮ್ಮ ಓವರ್‌ಲೋಡಿಗೆ ಬ್ರೇಕ್‌ಪಾಯಿಂಟ್ ತಾಗದಿರುವುದಕ್ಕೂ ಇದೇ ಕಾರಣ. ಓವರ್‌ಲೋಡ್ ಆರಿಸುವುದು ಕಂಪೈಲ್ ಹೊತ್ತಿನಲ್ಲಿ. ಜಿ ಆಪ್ಷನಲ್ಲೋ ಅಲ್ಲವೋ ಅಂತ ಆಗ ಗೊತ್ತಿಲ್ಲದ್ದರಿಂದ ಮಾಮೂಲಿ ‘ಡಿಕೋಡ್’ ಗೆಲ್ಲುತ್ತದೆ. ಆ ಉಪಾಯ, ಪ್ರಾಪರ್ಟಿಯನ್ನು ಇನ್ನೊಂದು ಟೈಪಿನಲ್ಲಿ ಸುತ್ತಿಡುವ ಪ್ರಾಪರ್ಟಿ ರ‍್ಯಾಪರ್‌ಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ರ‍್ಯಾಪರ್ ಟೈಪಿನ ಹೆಸರು ಸ್ಟ್ರಕ್ಟಿನಲ್ಲೇ ಕಣ್ಣಿಗೆ ಕಾಣುತ್ತಿರುತ್ತದೆ. ರ‍್ಯಾಪರ್ ಒಳಗಿನ ಬೆಲೆ ಆಪ್ಷನಲ್ ಆಗಿದ್ದರೂ ಕಂಪೈಲರ್ ‘ಡಿಕೋಡ್’ ಅನ್ನೇ ಬರೆಯುವುದರಿಂದ ಅಲ್ಲಿ ಅದು ಬೇಕೇ ಬೇಕು. ಜೆನೆರಿಕ್ ಪ್ಯಾರಾಮೀಟರಿನ ಮುಂದೆ ಮಾತ್ರ ಅದರ ಆಟ ನಡೆಯಲ್ಲ.

ದಾರಿಗಳು ಎರಡಿವೆ. ನಾನಾಗಿದ್ದರೆ ಮೊದಲನೆಯದನ್ನೇ ಹಿಡಿಯುತ್ತಿದ್ದೆ: ಸ್ಟ್ರಕ್ಟಿನಲ್ಲೇ ‘ಲೆಟ್ ಜಿಯಾಮೆಟ್ರಿ: ಜಿ?’ ಅಂತ ಬರೆದು, ಎರಡೂ ಕಡೆ ಬರೀ ಪಾಯಿಂಟ್ ಕೊಡಿ. ಇದು ಸುಲಭ ಅಂತ ಹೇಳುತ್ತಿಲ್ಲ, ಇದೇ ಸತ್ಯ. ಜಿಯೋಜೇಸನ್ ನಿಯಮ, ಅಂದರೆ 2016ರ ಆರ್‌ಎಫ್‌ಸಿ 7946 ಅನ್ನುವ ಮಾನದಂಡದ ದಾಖಲೆ, ತೆಗೆದು ನೋಡಿ. ಜಾಗ ಗೊತ್ತಿಲ್ಲದ ಫೀಚರಿಗೆ ಜಿಯಾಮೆಟ್ರಿ ನಲ್ ಇರಬಹುದು ಅಂತ ಅಲ್ಲೇ ಇದೆ. ಪ್ರಾಪರ್ಟೀಸ್ ಕೂಡ ನಲ್ ಇರಬಹುದು. ಐಡಿ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ, ಮತ್ತೆ ಅದು ಸ್ಟ್ರಿಂಗ್ ಆಗಿರಬಹುದು, ನಂಬರೂ ಆಗಿರಬಹುದು (ಯುಎಸ್‌ಜಿಎಸ್ ಸ್ಟ್ರಿಂಗ್ ಕೊಡುತ್ತದೆ, ನಿಮ್ಮ ಗೆಳೆಯರ ಸರ್ವರ್ ಏನು ಕೊಡುತ್ತದೋ ನೋಡಿಕೊಳ್ಳಿ). ಯುಎಸ್‌ಜಿಎಸ್ ಕಡೆ ಪಾಯಿಂಟ್ ಯಾವಾಗಲೂ ಇರುತ್ತದಲ್ಲ, ಅಲ್ಲಿಯೂ ಆಪ್ಷನಲ್ ಬಿಡಿಸುವ ಕಿರಿಕಿರಿ ಯಾಕೆ ಅಂತೀರಾ? ಫೀಡಿನ ಸ್ಟ್ರಕ್ಟ್ ಬೇರೆ, ಆಪಿನ ಸ್ಟ್ರಕ್ಟ್ ಬೇರೆ ಇಡಿ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಒಂದೇ ಜಾಗದಲ್ಲಿ ಗಾರ್ಡ್ (ಬೆಲೆ ಇಲ್ಲದಿದ್ದರೆ ಅಲ್ಲೇ ತಡೆಯುವ ಸಾಲು) ಹಾಕಿದರೆ ಸ್ಕ್ರೀನ್ ಬರೆಯುವಾಗ ಪ್ರಶ್ನಾರ್ಥಕಗಳ ಮುಖ ನೋಡಬೇಕಾಗಿಲ್ಲ.

ಎರಡನೆಯದು, ಸ್ಟ್ರಕ್ಟ್ ಹೀಗೇ ಇರಬೇಕು ಅಂತ ಹಠವಿದ್ದರೆ. ಒಂದು ಪ್ರೋಟೋಕಾಲ್ (ಟೈಪು ಏನೇನು ಕೊಡಬೇಕು ಅನ್ನುವ ಕರಾರು) ಮಾಡಿ, ಅದರಲ್ಲಿ ‘ವೆನ್‌ಅಬ್ಸೆಂಟ್’ ಅಂತ ಒಂದು ಸ್ಟ್ಯಾಟಿಕ್ (ಟೈಪಿಗೇ ಸೇರಿದ) ಪ್ರಾಪರ್ಟಿ, ಅದರ ಟೈಪು ‘ಸೆಲ್ಫ್?’, ಅಂದರೆ ಅದೇ ಟೈಪಿನ ಆಪ್ಷನಲ್. ಎಕ್ಸ್‌ಟೆನ್ಷನ್ನಿನಲ್ಲಿ ಡಿಫಾಲ್ಟ್ ಆಗಿ ನಿಲ್ ಕೊಡಿ, ಅಂದರೆ ‘ಕೀ ಇಲ್ಲದಿದ್ದರೆ ನನ್ನ ಹತ್ತಿರ ಏನೂ ಇಲ್ಲ’ ಅಂತ ಅರ್ಥ. ಆಪ್ಷನಲ್‌ಗೂ ಪಾಯಿಂಟಿಗೂ ಈ ಪ್ರೋಟೋಕಾಲ್ ಹಚ್ಚಿ, ಜಿ ಮೇಲೂ ಇದರ ಷರತ್ತು ಹಾಕಿ. ಇನಿಟ್ ನೀವೇ ಬರೆಯಿರಿ: ಕಂಟೇನರಿನಲ್ಲಿ ಕೀ ಇಲ್ಲ, ಜಿ ಹತ್ತಿರ ವೆನ್‌ಅಬ್ಸೆಂಟ್ ಇದೆ ಅಂದರೆ ಅದನ್ನು ಹಾಕಿಕೊಳ್ಳುವುದು, ಬೇರೆಲ್ಲಾ ಸಂದರ್ಭದಲ್ಲಿ ಮಾಮೂಲಿ ‘ಡಿಕೋಡ್’. ಇದು ಪ್ರೋಟೋಕಾಲಿನ ಬೇಡಿಕೆಯಾದ್ದರಿಂದ ಜೆನೆರಿಕ್ ಒಳಗೂ ಸರಿಯಾದದ್ದೇ ಸಿಗುತ್ತದೆ, ಓವರ್‌ಲೋಡಿನ ಹಾಗೆ ಕೈ ಕೊಡಲ್ಲ.

ಅಲ್ಲೊಂದು ಹಳ್ಳ ಇದೆ. ಆಪ್ಷನಲ್‌ನ ವೆನ್‌ಅಬ್ಸೆಂಟ್ ಒಳಗೆ ‘ರಿಟರ್ನ್ ನಿಲ್’ ಅಂತ ಬರೆದರೆ ಕೆಲಸ ಆಗಲ್ಲ. ಅಲ್ಲಿ ಟೈಪು ಎರಡು ಪದರದ ಆಪ್ಷನಲ್, ಬರೀ ನಿಲ್ ಅಂದರೆ ಹೊರಗಿನ ಪದರ ನಿಲ್ ಆಗಿ ‘ಏನೂ ಇಲ್ಲ’ ಅಂತಲೇ ಆಗುತ್ತದೆ, ಎರರ್ ಮತ್ತೆ ಅದೇ. ‘.ಸಮ್(.ನನ್)’ ಅಂತಲೇ ಬರೆಯಬೇಕು: ಉತ್ತರ ಇದೆ, ಆ ಉತ್ತರವೇ ನಿಲ್.

ಈಗ ‘ಟ್ರೈ?’ ವಿಷಯ. ಡಿಕೋಡರಿಗೆ, ಅಡಿಗೆರೆ ಇರುವ ಕೀಯನ್ನು ಸ್ವಿಫ್ಟ್ ಶೈಲಿಗೆ ತಿರುಗಿಸುವ ‘ಕನ್ವರ್ಟ್‌ಫ್ರಂಸ್ನೇಕ್‌ಕೇಸ್’ ಹಾಕಿದ್ದೀರಿ, ಸರ್ವರ್ ‘ಫೋಟೋ_ಯುಆರ್‌ಎಲ್’ ಕಳಿಸುತ್ತದೆ, ನೀವು ಸ್ವಿಫ್ಟ್ ಪದ್ಧತಿಯಂತೆ ಪ್ರಾಪರ್ಟಿಯ ಯುಆರ್‌ಎಲ್ ಅನ್ನು ಮೂರೂ ದೊಡ್ಡಕ್ಷರದಲ್ಲಿ ಬರೆದಿದ್ದೀರಿ ಅನ್ನಿ. ಡಿಕೋಡರ್ ಆ ಕೀಯನ್ನು ಮೊದಲ ಯು ಮಾತ್ರ ದೊಡ್ಡದಾಗಿ ತಿರುಗಿಸುತ್ತದೆ. ಎರಡೂ ಹೊಂದಲ್ಲ. ಫೀಲ್ಡ್ ಕಡ್ಡಾಯ ಆಗಿದ್ದರೆ ಮೊದಲ ರನ್ನಿನಲ್ಲೇ ಕೀನಾಟ್‌ಫೌಂಡ್ ಬಂದು ಗೊತ್ತಾಗುತ್ತಿತ್ತು. ಆಪ್ಷನಲ್ ಆಗಿದ್ದರೆ ಎಲ್ಲರ ಫೋಟೋನೂ ನಿಲ್, ಒಂದು ಚಕಾರವಿಲ್ಲ, ಕೊನೆಗೆ ಬೈಸಿಕೊಳ್ಳುವುದು ಸರ್ವರ್ ಬರೆದವರು. ಪ್ರಶ್ನಾರ್ಥಕಕ್ಕೆ ಈ ಬೆಲೆ ಇದೆ. ‘ಟ್ರೈ?’ ಇನ್ನೂ ಒಂದು ಹೆಜ್ಜೆ ಮುಂದೆ: ನಂಬರ್ ಬರಬೇಕಾದಲ್ಲಿ ಖಾಲಿ ಸ್ಟ್ರಿಂಗ್ ಬಂದರೂ ನುಂಗಿಕೊಳ್ಳುತ್ತದೆ. ‘ಡಿಕೋಡ್‌ಇಫ್‌ಪ್ರೆಸೆಂಟ್’ ಹಾಗಲ್ಲ, ಅದು ಕ್ಷಮಿಸುವುದು ಕೀ ಇಲ್ಲದ್ದನ್ನು ಮತ್ತು ನಲ್ಲನ್ನು ಮಾತ್ರ. ಟೈಪು ತಪ್ಪಿದ್ದರೆ ಕಿರುಚುತ್ತದೆ. ಕಿರುಚಲಿ ಬಿಡಿ.

ಬಿಸಿಲೂರು:

ಅಕ್ಕಾರ, ಇಷ್ಟು ಬಿಡಿಸಿ ಹೇಳಿದ್ರಲ್ಲ, ಭಾಳ ಉಪಕಾರ ಆತ್ರಿ. ‘ಜಿ?’ ಮಾಡೀನಿ, ಜಿಯಾಮೆಟ್ರಿದು ಗದ್ದಲ ಮುಗೀತು.

ಈಗ ಅದರ ಹಿಂದ ನಿಂತಿದ್ದ ಎರರ್ ಮುಂದ ಬಂದದ. ಕೆಲವು ವರದಿಯೊಳಗ ಪ್ರಾಪರ್ಟೀಸಿಗೆ ‘ಟೈಪ್‌ಮಿಸ್‌ಮ್ಯಾಚ್’: ಡಿಕ್ಷನರಿ (ಕೀ ಇರೋದು) ಬೇಕಿತ್ತು, ಅರೇ (ಬರೀ ಪಟ್ಟಿ) ಸಿಕ್ತು ಅಂತ. ರಾ ಜೇಸನ್ ತಗದು ನೋಡಿದ್ರ ನಿಜಾನೇ, ಅಲ್ಲಿ ಖಾಲಿ ಚೌಕ ಬ್ರ್ಯಾಕೆಟ್ ಕುಂತದ. ಬಾಕಿ ವರದಿಯೊಳಗ ಬರೋಬ್ಬರಿ ಆಬ್ಜೆಕ್ಟ್ ಅದ. ಇನ್ನೊಂದು ವಿಚಿತ್ರ ಏನಂದ್ರ, ಫಾರ್ಮಿನ್ಯಾಗ ‘ಅಲುಗಾಟ ಎಷ್ಟು’ ಅಂತ 0ರಿಂದ 5ರ ತನಕ ಕೇಳೀವಿ. 1ರಿಂದ 5 ಒತ್ತಿದವರದು ಬರ್ತದ, 0 ಒತ್ತಿದವರ ವರದಿಯೊಳಗ ಆ ಕೀನೇ ಮಾಯ. ನಾ ಅಂತೂ ನಿಲ್ ಇದ್ರ 0 ಅಂತ ತಿಳ್ಕೊಂಡು ಬಿಡೋಣ ಅಂತ ಮಾಡೀನಿ. ನಡೀತದೇನ್ರಿ?

ಸರ್ವರ್ ಹಿಂದಿನವ:

ನಡೆಯೋದಿಲ್ಲ ಮಾರಾಯ್ರೆ! ಸ್ವಿಫ್ಟ್ ನಂಗೆ ಬರೋದಿಲ್ಲ, ಆದ್ರೆ ಈ ಲಕ್ಷಣ ನೋಡಿದ್ರೆ ರೋಗ ಎಲ್ಲಿದೆ ಅಂತ ಗೊತ್ತಾಗ್ತದೆ. ನಿಮ್ಮ ಗೆಳೆಯರು ಜೇಸನ್ ಮಾಡೋ ಮೊದಲು ‘ಅರೇ_ಫಿಲ್ಟರ್’ (ಅರೇಯನ್ನ ಸೋಸೋ ಪಿಎಚ್‌ಪಿ ಫಂಕ್ಷನ್) ಕರೆದಿರ್ತಾರೆ, ಯಾವುದನ್ನ ಉಳಿಸ್ಬೇಕು ಅಂತ ಹೇಳೋ ಕಾಲ್‌ಬ್ಯಾಕ್ ಕೊಡದೆ. ನಲ್ ಇರೋ ಕೀ ತೆಗೆದು ಹಾಕುವ ಅಂತ ಅವರ ಉದ್ದೇಶ. ಆದ್ರೆ ಕಾಲ್‌ಬ್ಯಾಕ್ ಇಲ್ಲದ ಅರೇ_ಫಿಲ್ಟರ್ ನಲ್ ಒಂದನ್ನೇ ತೆಗೆಯೋದಲ್ಲ. ಪಿಎಚ್‌ಪಿ ಯಾವುದನ್ನೆಲ್ಲ ಸುಳ್ಳು ಅಂತ ಲೆಕ್ಕ ಹಾಕ್ತದೋ ಎಲ್ಲಾ ಗುಡಿಸ್ತದೆ: 0, ಖಾಲಿ ಸ್ಟ್ರಿಂಗ್, ಫಾಲ್ಸ್, ಖಾಲಿ ಅರೇ, ಸ್ಟ್ರಿಂಗಿನೊಳಗಿನ ‘0’ ಕೂಡ.

ಹಾಗಾಗಿ ನಿಮ್ಮಲ್ಲಿ ಕೀ ಇಲ್ಲದ ವರದಿ ಎರಡು ತರ ಉಂಟು. ಒಬ್ಬ ಆ ಪ್ರಶ್ನೆಗೆ ಉತ್ತರ ಕೊಡ್ಲೇ ಇಲ್ಲ, ಇನ್ನೊಬ್ಬ ‘ನಂಗೆ ಏನೂ ಅಲುಗಾಟ ಅನಿಸ್ಲಿಲ್ಲ’ ಅಂತ ಸರಿಯಾಗಿ ಒತ್ತಿದ್ದಾನೆ. ಭೂಕಂಪದ ವಿಷಯದಲ್ಲಿ ಅನಿಸ್ಲಿಲ್ಲ ಅನ್ನೋದೂ ಒಂದು ಮಾಹಿತಿ ಅಲ್ವಾ? ಆಪಿನ ಕಡೆ ನೀವು ಏನೇ ಮಾಡಿದ್ರೂ ಇವರಿಬ್ಬರನ್ನ ಬೇರೆ ಮಾಡ್ಲಿಕ್ಕೆ ಆಗೋದಿಲ್ಲ.

ಚೌಕ ಬ್ರ್ಯಾಕೆಟ್ ಕಥೆಯೂ ಇದೇ. ಎಲ್ಲಾ ಕೀ ಗುಡಿಸಿ ಹೋದ ಮೇಲೆ ಉಳಿಯೋದು ಖಾಲಿ ಅರೇ. ಪಿಎಚ್‌ಪಿಗೆ ಪಟ್ಟಿಯೂ ಅರೇ, ಕೀ ಇರೋದೂ ಅರೇ. ಖಾಲಿ ಆದ ಮೇಲೆ ಅದು ಯಾವುದಾಗಿತ್ತು ಅಂತ ‘ಜೇಸನ್_ಎನ್‌ಕೋಡ್’ಗೆ ಹೇಗೆ ಗೊತ್ತಾಗ್ಬೇಕು, ಪಟ್ಟಿ ಅಂತ ಬರೆದು ಬಿಡ್ತದೆ.

ಗೆಳೆಯರಿಗೆ ಹೇಳಿ: ಅರೇ_ಫಿಲ್ಟರ್ ತೆಗೀರಿ, ನಲ್ ಇದ್ರೆ ನಲ್ ಅಂತಲೇ ಹೋಗ್ಲಿ. ಪ್ರಾಪರ್ಟೀಸಿಗೆ ಮಾತ್ರ ಎದುರಿಗೆ ‘(ಆಬ್ಜೆಕ್ಟ್)’ ಕಾಸ್ಟ್ ಹಾಕಿ, ಖಾಲಿ ಇದ್ರೂ ಆಬ್ಜೆಕ್ಟ್ ಆಗಿಯೇ ಹೋಗ್ತದೆ. ಯಾರಾದ್ರೂ ‘ಜೇಸನ್_ಫೋರ್ಸ್_ಆಬ್ಜೆಕ್ಟ್’ ಹಾಕಿ ಅಂತ ಸಲಹೆ ಕೊಟ್ರೆ ಕೇಳ್ಬೇಡಿ. ಅದು ಕಂಡದ್ದನ್ನೆಲ್ಲ ಆಬ್ಜೆಕ್ಟ್ ಮಾಡ್ತದೆ. ನಿಮ್ಮ ಕೋಆರ್ಡಿನೇಟ್ಸ್ ಕೂಡ "0": 76.8, "1": 17.3 ಅಂತ ಆಗಿ ಬರ್ತದೆ, ಆಗ ಯಾವ ಮ್ಯಾಪೂ ಓದೋದಿಲ್ಲ.

ಬಿಸಿಲೂರು:

ಗೆಳೆಯಗ ಫೋನ್ ಹಚ್ಚಿದೆ. ‘ಅರೇ_ಫಿಲ್ಟರ್ ಹಾಕೀನಿ, ನಿನಗ ಯಾರು ಹೇಳಿದ್ರು’ ಅಂತ ನನ್ನೇ ಕೇಳ್ತಾನ್ರಿ! ಕಾರಣ ಏನಂದ್ರ, ಹಳ್ಳ್ಯಾಗ ನೆಟ್‌ವರ್ಕ್ ಕಮ್ಮಿ ಇರ್ತದ, ಜೇಸನ್ ಸಣ್ಣದಾಗಲಿ ಅಂತ ಹಾಕಿದ್ನಂತ. ತಗೀತಾನಂತ ಈಗ.

ಉಳಿದದ್ದು ಎರಡು. ಒಂದು, ಯುಎಸ್‌ಜಿಎಸ್ ಕೋಆರ್ಡಿನೇಟ್ಸಿನ್ಯಾಗ ಮೂರು ನಂಬರ್ ಇರ್ತಾವ: ರೇಖಾಂಶ, ಅಕ್ಷಾಂಶ, ಆಳ ಕಿಲೋಮೀಟರಿನ್ಯಾಗ. ನಮ್ಮವು ಎರಡೇ. ಅರೇದೊಳಗ ಕೀ ಇರಂಗಿಲ್ಲ, ಅಲ್ಲಿ ಆಪ್ಷನಲ್ ಹೆಂಗ? ಎರಡು, ಒಬ್ಬನ ವರದಿ ಕೆಟ್ಟಿದ್ರ ಎಲ್ಲಾರದೂ ಹೋಗ್ತದ. ವೈಲ್ ಲೂಪ್ ಹಾಕಿ, ಕೆಟ್ಟದ್ದನ್ನ ‘ಟ್ರೈ?’ಲೇ ದಾಟಿಸಿ ಮುಂದಿಂದು ಓದೋಣಂತ ಮಾಡಿದ್ರ ಆಪ್ ಅಲ್ಲೇ ತಟಸ್ಥ ಆಗಿ ಬಿಡ್ತದ, ಫೋನ್ ಬಿಸಿ ಆಗ್ತದ.

ಮೂಲೆಮನೆ:

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಪಾಯಿಂಟಿನ ಇನಿಟ್ಟಿನಲ್ಲಿ ಕೋಆರ್ಡಿನೇಟ್ಸಿಗೆ ಅನ್‌ಕೀಡ್ (ಕೀ ಇಲ್ಲದೆ ಸಾಲಾಗಿ ಓದುವ) ಕಂಟೇನರ್ ತೆಗೆದುಕೊಂಡು ಎರಡು ಸಲ ‘ಡಿಕೋಡ್’, ಮೂರನೆಯದಕ್ಕೆ ‘ಡಿಕೋಡ್‌ಇಫ್‌ಪ್ರೆಸೆಂಟ್’. ಅರೇ ಮುಗಿದಿದ್ದರೆ ಅದು ನಿಲ್ ಕೊಡುತ್ತದೆ. ಆಳ ಇಲ್ಲದಿದ್ದರೆ 0 ಅಂತ ಮಾತ್ರ ಹಾಕಬೇಡಿ, 0 ಕಿಲೋಮೀಟರ್ ಅಂದರೆ ನೆಲದ ಮೇಲೇ ಅಂತಾಗುತ್ತದೆ.

ಎರಡನೆಯದರಲ್ಲಿ ಆಪ್ ತಟಸ್ಥ ಆಗಿಲ್ಲ, ಗಾಣದ ಹಾಗೆ ಸುತ್ತುತ್ತಿದೆ. ಅನ್‌ಕೀಡ್ ಕಂಟೇನರ್ ಒಂದು ಎಲಿಮೆಂಟ್ ಸರಿಯಾಗಿ ಡಿಕೋಡ್ ಆದರೆ ಮಾತ್ರ ಮುಂದಿನ ಇಂಡೆಕ್ಸಿಗೆ ಸರಿಯುತ್ತದೆ. ಎರರ್ ಎಸೆದರೆ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ‘ಟ್ರೈ?’ ಎರರ್ ನುಂಗಿತು, ಲೂಪ್ ಮತ್ತೆ ಅದೇ ಕೆಟ್ಟ ವರದಿಯ ಮುಂದೆ ಬಂತು.

ಲೂಪ್ ಬಿಡಿ. ಎಂದೂ ಎರರ್ ಎಸೆಯದ ಒಂದು ಸಣ್ಣ ಜೆನೆರಿಕ್ ಹೊದಿಕೆ ಮಾಡಿ. ಅದರ ಇನಿಟ್ ಒಳಗೆ ಟಿಯನ್ನು (ಹೊದಿಕೆಯ ಜೆನೆರಿಕ್ ಟೈಪು, ಇಲ್ಲಿ ಫೀಚರ್) ಡಿಕೋಡ್ ಮಾಡಲು ನೋಡಿ, ಬಂದದ್ದನ್ನು ‘ರಿಸಲ್ಟ್’ ಆಗಿ ಇಟ್ಟುಕೊಳ್ಳುವುದು: ಗೆದ್ದರೆ ವರದಿ, ಸೋತರೆ ಎರರ್. ಫೀಚರ್ಸ್ ಅರೇಯನ್ನು ಈ ಹೊದಿಕೆಯ ಅರೇ ಅಂತ ಡಿಕೋಡ್ ಮಾಡಿ. ಹೊದಿಕೆ ಎಂದೂ ಸೋಲದ್ದರಿಂದ ಇಂಡೆಕ್ಸ್ ಸರಿಯುತ್ತಾ ಹೋಗುತ್ತದೆ. ಆಮೇಲೆ ಗೆದ್ದವನ್ನು ಮ್ಯಾಪಿಗೆ ಹಾಕಿ, ಸೋತವನ್ನು ಲಾಗಿಗೆ. ಇಲ್ಲಿ ಆಪ್ಷನಲ್ ಬದಲು ರಿಸಲ್ಟ್ ಇಡಿ ಅನ್ನುವುದಕ್ಕೆ ಕಾರಣ ಆ ಎರರ್ರೊಳಗಿನ ‘ಕೋಡಿಂಗ್‌ಪಾತ್’. ಯಾವ ಇಂಡೆಕ್ಸ್, ಯಾವ ಫೀಲ್ಡ್ ಅಂತ ಅದರಲ್ಲಿ ಬರೆದಿರುತ್ತದೆ. ಲಾಗಿಗೆ ಎರರನ್ನು ಇಡಿಯಾಗಿ ಪ್ರಿಂಟ್ ಮಾಡಿ, ‘ಲೋಕಲೈಸ್ಡ್‌ಡಿಸ್ಕ್ರಿಪ್ಷನ್’ ಬೇಡ. ಅದು ‘ಡೇಟಾ ಓದಲಾಗಲಿಲ್ಲ, ಇಲ್ಲವಾಗಿದೆ’ ಅಂತ ಏನೋ ಒಂದು ಹೇಳಿ ಕೈತೊಳೆದುಕೊಳ್ಳುತ್ತದೆ.

ಬಿಸಿಲೂರು:

ಹೊದಿಕಿ ಹಾಕಿದೆ, ಮ್ಯಾಪ್ ತುಂಬ ಚುಕ್ಕಿ ಬಂದಾವ್ರಿ ಅಕ್ಕಾರ. ಇನ್ನ ಮುಂದಿನ ಕೆಲಸ: ಆಪಿನಿಂದ ವರದಿ ಕಳಸೋದು. ಅದೇ ಫೀಚರ್ ಸ್ಟ್ರಕ್ಟಿಗೆ ಎನ್‌ಕೋಡಬಲ್ (ಸ್ವಿಫ್ಟ್ ಟೈಪನ್ನ ಜೇಸನ್ ಮಾಡೋದು) ಹಚ್ಚಿದ್ರ ಆತಲ್ಲ?

ಮೂಲೆಮನೆ:

ಹಚ್ಚಿ, ಆದರೆ ಹೊರಗೆ ಹೋಗುವಾಗ ಇದೇ ನಿಯಮ ತಿರುಗಿ ಬೀಳುತ್ತದೆ. ‘ಜಿಯಾಮೆಟ್ರಿ: ಜಿ?’ ಅಂತ ಇರುವುದರಿಂದ ಕಂಪೈಲರ್ ಈಗ ‘ಎನ್‌ಕೋಡ್‌ಇಫ್‌ಪ್ರೆಸೆಂಟ್’ ಬರೆಯುತ್ತದೆ. ನಿಲ್ ಇದ್ದರೆ ಕೀಯನ್ನೇ ಕಳಿಸಲ್ಲ. ಜಿಯೋಜೇಸನ್ ನಿಯಮದ ಪ್ರಕಾರ ಜಿಯಾಮೆಟ್ರಿ ಕೀ ಇರಲೇಬೇಕು, ಬೆಲೆ ನಲ್ ಆದರೂ. ತಮಾಷೆ ಅಂದರೆ ನಿಮ್ಮ ಮೊದಲಿನ ‘ಜಿಯಾಮೆಟ್ರಿ: ಜಿ’ ಇದ್ದು ಜಿ ಜಾಗದಲ್ಲಿ ‘ಪಾಯಿಂಟ್?’ ಇದ್ದಿದ್ದರೆ ನಲ್ ಸರಿಯಾಗಿಯೇ ಹೋಗುತ್ತಿತ್ತು, ಯಾಕೆಂದರೆ ಅಲ್ಲಿ ಬರೀ ‘ಎನ್‌ಕೋಡ್’ ಬರುತ್ತದೆ.

ಸ್ಟ್ರಕ್ಟ್ ಹಿಂದಕ್ಕೆ ತಿರುಗಿಸಬೇಡಿ. ‘ಎನ್‌ಕೋಡ್’ ಫಂಕ್ಷನ್ ಮಾತ್ರ ಕೈಯಲ್ಲಿ ಬರೆಯಿರಿ: ಐಡಿಗೆ ಎನ್‌ಕೋಡ್‌ಇಫ್‌ಪ್ರೆಸೆಂಟ್, ಪ್ರಾಪರ್ಟೀಸಿಗೂ ಜಿಯಾಮೆಟ್ರಿಗೂ ಬರೀ ಎನ್‌ಕೋಡ್. ಆಪ್ಷನಲ್ ಬೆಲೆಯನ್ನು ಎನ್‌ಕೋಡಿಗೆ ಕೊಟ್ಟರೆ ನಿಲ್ ಇದ್ದಾಗ ನಲ್ ಅಂತ ಬರೆಯುತ್ತದೆ. ಇನ್ನೊಂದು, ಫೀಚರಿನ ‘ಟೈಪ್’ ಕೀ ನಿಮ್ಮ ಸ್ಟ್ರಕ್ಟಿನಲ್ಲಿ ಇಲ್ಲ. ಓದುವಾಗ ಅದಿಲ್ಲದೆ ನಡೆಯಿತು, ಕಳಿಸುವಾಗ ‘ಫೀಚರ್’ ಅನ್ನುವ ಬೆಲೆ ಹಾಕಿ ಅದನ್ನೂ ನೀವೇ ಬರೆಯಬೇಕು.